ವಾಟರ್‌ಫರ್ಡಿಗೆ ಹೋಗಿಬಂದೆವು

ಅಕ್ಟೋಬರ್ 15 ದಾಟಿತು ಅಂದ್ರೆ ನಮ್ಮಂಥ ಲೆಕ್ಕ ಬರೆಯೋರಿಗೆ ಹಬ್ಬ ಇದ್ದ ಹಾಗೆ. ಎಕ್ಸ್‌ಟೆನ್ಶನ್ ಹಾಕಿದ್ದ ರಿಟರ್ನುಗಳೆಲ್ಲ ಅವತ್ತಿಗೆ ಮುಗಿದಿರುತ್ತವೆ, ಜನವರಿ ತನಕ ಸ್ವಲ್ಪ ಉಸಿರಾಡಬಹುದು. ಈ ಸಲ ಮಾತ್ರ ಹಬ್ಬದ ದಿನವೇ ಊರಿಂದ ಅಣ್ಣನ ಫೋನು. ಕೆರೆ ಹಿಂದಿನ ಎರಡು ಎಕರೆ ಹತ್ತು ಗುಂಟೆಗೆ ಗಿರಾಕಿ ಬಂದಿದ್ದಾನಂತೆ. ಲೇಔಟ್ ಮಾಡೋರು. ರೇಟು ಚೆನ್ನಾಗಿದೆ. "ನೀನು ಎಂಬೆಸಿಗೆ ಹೋಗಿ ಜಿ.ಪಿ.ಎ. ಮಾಡಿಸಿ ಕಳಿಸಿಬಿಡು ತಮ್ಮಾ, ಉಳಿದಿದ್ದು ನಾನು ನೋಡ್ಕೋತೀನಿ" ಅಂದ. ನಾವು ಹೂಂ ಅಂದೆವು. ಕಾಗದ ಟೈಪ್ ಮಾಡಿ ಪ್ರಿಂಟೂ ತೆಗೆದು ಡೈನಿಂಗ್ ಟೇಬಲ್ ಮೇಲೆ ಇಟ್ಟಿದ್ದಾಯ್ತು.

ಆ ಶನಿವಾರ ಬಿಸಿಲು ಚೆನ್ನಾಗಿತ್ತು, ಮರಗಳೆಲ್ಲ ಕೆಂಪಾಗಿದ್ದವು. ಎಲ್ಲಿಗೆ ಹೋಗೋಣ ಅಂತ ಮಾತು ಬಂದಾಗ ಮಗಳು "ವಾಟರ್‌ಫರ್ಡಿಗೆ ಹೋಗೋಣ, ಅಲ್ಲಿ ನನ್ನ ಸ್ಕೂಲಿದೆ" ಅಂದಳು. ಅವಳ ಸ್ಕೂಲು ಇರೋದು ಆಶ್‌ಬರ್ನ್‌ನಲ್ಲಿ. ಅದ್ಯಾವ ಸ್ಕೂಲು ಅಂತ ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ಮನೆಯವರು ಚಿತ್ರಾನ್ನ, ಮೊಸರನ್ನ ಕಟ್ಟಿದರು. ಪಕ್ಕದ ಟೌನ್‌ಹೌಸಿನ ದಾವಣಗೆರೆಯವರೂ "ನಾವೂ ಬರ್ತೀವಿ ನಡೀರಿ" ಅಂತ ಹೊರಟರು. ಎರಡು ಕಾರು, ಏಳು ಜನ.

ನಾವು ಈ ಕಡೆ ಬಂದು ಹನ್ನೊಂದು ವರ್ಷ ಆಯಿತು. ರೂಟ್ ಏಳರಲ್ಲಿ ಲೀಸ್‌ಬರ್ಗ್ ತನಕ ಹೋಗೋದು, ಔಟ್‌ಲೆಟ್‌ನಲ್ಲಿ ಊರಿಗೆ ಒಯ್ಯೋಕೆ ಟೀ ಶರ್ಟು, ಶೂ ಕೊಳ್ಳೋದು, ವಾಪಸ್ ಬರೋದು, ಇಷ್ಟೇ ನಮ್ಮ ಪಶ್ಚಿಮ ದಿಕ್ಕಿನ ಪ್ರವಾಸ. ಲೀಸ್‌ಬರ್ಗ್ ದಾಟಿ ರೂಟ್ ಒಂಬತ್ತಕ್ಕೆ ಹೊರಳಿ, ಸ್ವಲ್ಪದರಲ್ಲೇ ಬಲಕ್ಕೆ ಕ್ಲಾರ್ಕ್ಸ್ ಗ್ಯಾಪ್ ರಸ್ತೆ ಹಿಡಿದರೆ ಪ್ರಪಂಚವೇ ಬದಲಾಗುತ್ತದೆ. ಡೇಟಾ ಸೆಂಟರಿನ ಕಿಟಕಿ ಇಲ್ಲದ ಗೋಡೆಗಳು, ಹಗಲೂ ರಾತ್ರಿ ಗುಂಯ್ ಅನ್ನೋ ಫ್ಯಾನು, ಯಾವುದೂ ಇಲ್ಲ. ದಿಣ್ಣೆ, ಹುಲ್ಲುಗಾವಲು, ಬೇಲಿ, ಬೇಲಿಯಾಚೆ ದನ. ಲೌಡನ್ ಕೌಂಟಿಯ ಜನಸಂಖ್ಯೆ 1970ರಲ್ಲಿ ಬರೀ 37 ಸಾವಿರ ಇತ್ತು. 2020ರ ಗಣತಿಯಲ್ಲಿ 4 ಲಕ್ಷ 20 ಸಾವಿರ. ಆ ಹೆಚ್ಚಿದ ಲೆಕ್ಕದಲ್ಲಿ ನಾವೂ ಮೂವರು ಸೇರಿದ್ದೀವಿ, ಅದನ್ನ ಮರೆತು ಬೈಯೋ ಹಾಗಿಲ್ಲ.

ರಸ್ತೆ ಇಳಿದು ಒಂದು ತಿರುವು ತಗೊಂಡ ಕೂಡಲೇ ಹಳ್ಳಿ ಎದುರಿಗೆ ಬರುತ್ತದೆ. ಬೋರ್ಡುಗಳ ಸಾಲಿಲ್ಲ, ಪೆಟ್ರೋಲ್ ಬಂಕ್ ಇಲ್ಲ. ಊರು ಶುರುವಾದದ್ದೂ ಮುಗಿದದ್ದೂ ಎದ್ದು ಕಾಣುತ್ತದೆ: ಇಲ್ಲಿವರೆಗೆ ಹೊಲ, ಇಲ್ಲಿಂದ ಮನೆ. ನಮ್ಮ ಕಡೆ ಹಳ್ಳಿಗಳು ಇರ್ತಿದ್ದದ್ದೂ ಹೀಗೇ ತಾನೇ? ರಸ್ತೆಗೇ ಆತುಕೊಂಡ ಇಟ್ಟಿಗೆ ಮನೆ, ಕಲ್ಲು ಮನೆ, ಮರದ ದಿಮ್ಮಿ ಮನೆ. ಒಂದಕ್ಕೊಂದು ಅಳತೆ ಇಲ್ಲ, ಒಂದು ಮುಂದಕ್ಕೆ ಬಂದಿದೆ, ಇನ್ನೊಂದು ದಿಣ್ಣೆಯೊಳಗೆ ಅರ್ಧ ಹುದುಗಿದೆ. ಇಂಗ್ಲೆಂಡಿನ ಹಳ್ಳಿಗಳ ಚಿತ್ರ ಕ್ಯಾಲೆಂಡರಿನಲ್ಲಿ ನೋಡಿದವರಿಗೆ ಅದೇ ನೆನಪಾಗುತ್ತೆ. ಯಾರೂ ನಕ್ಷೆ ಹಾಕಿ ಕಟ್ಟಿದ ಊರಲ್ಲ, ಒಬ್ಬರ ಪಕ್ಕ ಒಬ್ಬರು ಬಂದು ಕೂತ ಊರು.

ಮೊದಲು ಬಂದು ಕೂತವನು ಅಮಾಸ್ ಜಾನಿ ಅನ್ನೋ ಕ್ವೇಕರ್. ಪೆನ್ಸಿಲ್ವೇನಿಯಾದಿಂದ 1733ರ ಸುಮಾರಿಗೆ ಬಂದ. ಕಟಾಕ್ಟಿನ್ ಹಳ್ಳದ ನೀರಿಗೆ ಒಂದು ಗಿರಣಿ ಹಾಕಿದರು, ಗಿರಣಿ ಸುತ್ತ ಮನೆ ಎದ್ದವು. ಮೊದಲು ಜಾನೀಸ್ ಮಿಲ್ ಅಂತಲೇ ಕರೀತಿದ್ದರು. ಆಮೇಲೆ ಐರ್ಲೆಂಡಿನ ವಾಟರ್‌ಫರ್ಡಿಂದ ಬಂದ ಒಬ್ಬರು ತಮ್ಮ ಊರಿನ ಹೆಸರಿಟ್ಟರು. ಆ ಮೂಲದ ವಾಟರ್‌ಫರ್ಡ್ ಸಣ್ಣದಲ್ಲ, ವೈಕಿಂಗರು 914ರಲ್ಲಿ ಕಟ್ಟಿದ್ದು, ಆಗ ನಮ್ಮ ಮಾನ್ಯಖೇಟದಲ್ಲಿ ರಾಷ್ಟ್ರಕೂಟರು ಇದ್ದರು. ಬಿಟ್ಟು ಬಂದ ಊರಿನ ಹೆಸರನ್ನ ಹೊಸ ಊರಿಗೆ ಹೊತ್ತು ತರೋ ಅಭ್ಯಾಸ ನಮಗೂ ಗೊತ್ತು. ನಮ್ಮ ವೈ-ಫೈ ಹೆಸರು ಶಿರಾಳಕೊಪ್ಪ.

ಇವತ್ತು ನಿಂತಿರೋ ಗಿರಣಿ 19ನೇ ಶತಮಾನದ ಮೊದಲ ಭಾಗದ್ದು, ಇಟ್ಟಿಗೆ ಕಟ್ಟಡ, ಊರಿನ ತುದಿಯಲ್ಲಿ ಹಳ್ಳದ ಪಕ್ಕ. 1862ರಲ್ಲಿ ಇಲ್ಲಿನ ಗಿರಣಿ ನಡೆಸುತ್ತಿದ್ದ ಸ್ಯಾಮ್ಯುಯೆಲ್ ಮೀನ್ಸ್ ಅನ್ನೋರು ಲೌಡನ್ ರೇಂಜರ್ಸ್ ಅಂತ ಕುದುರೆ ಪಡೆ ಕಟ್ಟಿದರು. ವರ್ಜಿನಿಯಾ ದಕ್ಷಿಣದ ಬಣಕ್ಕೆ ಸೇರಿತ್ತು, ಇವರು ಲಿಂಕನ್ ಕಡೆ ಸೇರಿದರು. ಕ್ವೇಕರುಗಳು ಗುಲಾಮಗಿರಿ ಒಪ್ಪದ ಜನ, ಯುದ್ಧವನ್ನೂ ಒಪ್ಪದ ಜನ. ಎರಡನ್ನೂ ಒಪ್ಪದವರಿಗೆ ಆ ಕಾಲದಲ್ಲಿ ನಿಲ್ಲೋಕೆ ಜಾಗ ಎಲ್ಲಿತ್ತು? ದಕ್ಷಿಣದವರು ಇವರನ್ನ ದ್ರೋಹಿಗಳು ಅಂದರು. 1864ರ ನವೆಂಬರ್ ಕೊನೆಯಲ್ಲಿ ಉತ್ತರದ ಸೈನ್ಯವೇ ಬಂದು, ಶತ್ರುವಿಗೆ ಮೇವು ಸಿಗಬಾರದು ಅಂತ, ಲೌಡನ್ನಿನ ಕಣಜ, ಗಿರಣಿಗಳನ್ನ ಸುಡುತ್ತಾ ಹೋಯಿತು. ಅದರಲ್ಲಿ ಲಿಂಕನ್ ಪರ ಇದ್ದ ಕ್ವೇಕರುಗಳ ಕೊಟ್ಟಿಗೆಗಳೂ ಹೋದವು. ಅದೇ ವರ್ಷ ಈ ಊರಿನ ಮೂವರು ತರುಣಿಯರು, ಲಿಡಾ ಡಟನ್, ಲಿಜ್ಜಿ ಡಟನ್, ಸಾರಾ ಸ್ಟೀರ್, ಸೇರಿ 'ವಾಟರ್‌ಫರ್ಡ್ ನ್ಯೂಸ್' ಅಂತ ಒಂದು ಪತ್ರಿಕೆ ತಂದರು. ಎಂಟು ಸಂಚಿಕೆ ಬಂದವಂತೆ. ಸುತ್ತ ಶತ್ರು ಸೈನ್ಯ ಇಟ್ಟುಕೊಂಡು, ಬಾಲ್ಟಿಮೋರಿನಲ್ಲಿ ಅಚ್ಚು ಹಾಕಿಸಿ! ತಿಂಗಳಿಗೊಂದು ಲೇಖನ ಕೊಡಿ ಅಂತ ನಮ್ಮ ಸಂಪಾದಕರು ಆರು ತಿಂಗಳು ಫೋನು ಮಾಡಿದ್ದು ನೆನಪಾಗಿ ನಾಚಿಕೆ ಆಯಿತು.

ಯುದ್ಧ ಮುಗಿದ ಮೇಲೆ ಇದೇ ಸಾರಾ ಸ್ಟೀರ್ ಟೀಚರ್ ಆದರು. ಮಗಳ 'ನನ್ನ ಸ್ಕೂಲು' ಇದೇ: ಸೆಕೆಂಡ್ ಸ್ಟ್ರೀಟ್ ಶಾಲೆ. ಒಂದೇ ಕೋಣೆಯ ಬಿಳಿ ಮರದ ಕಟ್ಟಡ. ಊರಿನ ಕಪ್ಪು ಜನ 1866ರಲ್ಲಿ ಒಬ್ಬ ಕ್ವೇಕರ್ ಕೈಯಿಂದ ಜಾಗ ಕೊಂಡು, ಮಾರನೇ ವರ್ಷ ಕಟ್ಟಿದ್ದು. 1957ರ ತನಕ ಪಾಠ ನಡೆಯಿತು. ಈಗ ಕೌಂಟಿಯ ಮಕ್ಕಳನ್ನ ಒಂದು ದಿನ ಕರೆತಂದು, 1880ರಲ್ಲಿ ಇಲ್ಲಿ ನಿಜವಾಗಿ ಓದಿದ ಒಬ್ಬೊಬ್ಬ ಮಗುವಿನ ಹೆಸರು ಕೊಟ್ಟು ಕೂರಿಸುತ್ತಾರೆ. ಮಗಳು ಮೂರನೇ ಕ್ಲಾಸಿನಲ್ಲಿ ಬಂದಿದ್ದಳು. ತನಗೆ ಸಿಕ್ಕಿದ್ದ ಹುಡುಗಿಯ ಅಪ್ಪ ಏನು ಕೆಲಸ ಮಾಡ್ತಿದ್ದ, ಮನೆಯಲ್ಲಿ ಎಷ್ಟು ಜನ ಅಂತ ಎಲ್ಲ ಹೇಳಿದಳು. ನಮ್ಮ ಮುತ್ತಜ್ಜನ ಹೆಸರು ಕೇಳಿದರೆ ಅವಳಿಗೆ ಗೊತ್ತಿಲ್ಲ. ನಿಜ ಹೇಳಬೇಕಂದ್ರೆ ನಾವೂ ಅಣ್ಣನನ್ನ ಕೇಳಬೇಕು.

ಇಷ್ಟು ಹಳೇ ಊರು ಹೀಗೇ ಹೇಗೆ ಉಳೀತು ಅಂತ ದಾವಣಗೆರೆಯವರು ಕೇಳಿದರು. ಅರ್ಧ ಉತ್ತರ ರೈಲು. ರೈಲು ದಾರಿ ಬಂದಾಗ ಅದು ಇಲ್ಲಿಗೆ ಬರದೆ ಹ್ಯಾಮಿಲ್ಟನ್ ಮೇಲೆ ಹಾದುಹೋಯಿತು. ನಾವು ಸೈಕಲ್ ಹೊಡೆಯೋ ಡಬ್ಲ್ಯು ಅಂಡ್ ಓಡಿ ಟ್ರೇಲ್ ಇದೆಯಲ್ಲ, ಅದೇ ಆ ರೈಲಿನ ಹಾದಿ. ರೈಲಿಲ್ಲದ ಊರಿಗೆ ವ್ಯಾಪಾರ ಬರಲಿಲ್ಲ, ಹಳೇ ಮನೆ ಕೆಡವಿ ಹೊಸದು ಕಟ್ಟೋಕೆ ಯಾರ ಹತ್ತಿರವೂ ದುಡ್ಡಿರಲಿಲ್ಲ. ಬಡತನ ಮನೆಗಳನ್ನ ಕಾಯಿತು.

ಇನ್ನರ್ಧ ಉತ್ತರ ನಮ್ಮ ಕಸುಬಿಗೆ ಸಂಬಂಧಪಟ್ಟಿದ್ದು, ಅದಕ್ಕೇ ಸ್ವಲ್ಪ ಜಾಸ್ತಿ ಬರೀತೀವಿ, ಸೈರಿಸಿಕೊಳ್ಳಿ.

1943ರಲ್ಲಿ ಊರವರು ವಾಟರ್‌ಫರ್ಡ್ ಫೌಂಡೇಶನ್ ಅಂತ ಸಂಸ್ಥೆ ಮಾಡಿಕೊಂಡರು. ಪಾಳು ಬಿದ್ದ ಮನೆಗಳನ್ನ ರಿಪೇರಿ ಮಾಡೋದು, ವರ್ಷಕ್ಕೊಮ್ಮೆ ಕೈಕಸುಬಿನ ಜಾತ್ರೆ ನಡೆಸಿ ದುಡ್ಡು ಎತ್ತೋದು. 1970ರಲ್ಲಿ ಹಳ್ಳಿ ಮಾತ್ರ ಅಲ್ಲ, ಸುತ್ತಲಿನ ಹೊಲಗದ್ದೆಯೂ ಸೇರಿ ಸುಮಾರು 1,400 ಎಕರೆ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತು ಅಂತ ಘೋಷಣೆ ಆಯಿತು. ಆದರೆ ಈ ದೇಶದಲ್ಲಿ ಘೋಷಣೆಯಿಂದ ಖಾಸಗಿ ಜಮೀನು ಉಳಿಯೋದಿಲ್ಲ, ಮಾಲೀಕ ತನಗೆ ಬೇಕಾದ್ದು ಕಟ್ಟಬಹುದು. ಹಾಗಾಗಿ ಊರವರು ಇನ್ನೊಂದು ದಾರಿ ಹಿಡಿದರು. ಅದರ ಹೆಸರು ಈಸ್‌ಮೆಂಟ್.

ಒಂದು ಜಮೀನು ಅಂದ್ರೆ ಒಂದೇ ಹಕ್ಕಲ್ಲ, ಹಕ್ಕುಗಳ ಕಂತೆ. ಉಳೋ ಹಕ್ಕು, ಮಾರೋ ಹಕ್ಕು, ಮಕ್ಕಳಿಗೆ ಬಿಡೋ ಹಕ್ಕು, ಕಟ್ಟಡ ಕಟ್ಟೋ ಹಕ್ಕು. ಈ ಕಂತೆಯಿಂದ ಕಟ್ಟೋ ಹಕ್ಕೊಂದನ್ನ ಮಾತ್ರ ಹಿರಿದು ಒಂದು ಟ್ರಸ್ಟಿಗೋ ಸರ್ಕಾರಿ ಸಂಸ್ಥೆಗೋ ದಾನ ಕೊಡೋದು. ಜಮೀನು ನಿಮ್ಮದೇ, ಉಳಬಹುದು, ಮಾರಬಹುದು. ಆದರೆ ನೀವೂ ಸೈಟ್ ಮಾಡೋ ಹಾಗಿಲ್ಲ, ನಿಮ್ಮಿಂದ ಕೊಂಡವನೂ ಮಾಡೋ ಹಾಗಿಲ್ಲ, ಅವನ ಮೊಮ್ಮಗನೂ ಮಾಡೋ ಹಾಗಿಲ್ಲ. ಪತ್ರ ಕೌಂಟಿಯಲ್ಲಿ ರಿಜಿಸ್ಟರ್ ಆಗುತ್ತದೆ. ಉದಾಹರಣೆಗೆ 10 ಲಕ್ಷ ಡಾಲರಿನ ಹೊಲ, ಕಟ್ಟೋ ಹಕ್ಕು ಹೋದ ಮೇಲೆ 6 ಲಕ್ಷ ಬಾಳುತ್ತೆ ಅಂತ ಅಪ್ರೈಸರ್ ಹೇಳಿದ ಅನ್ನಿ, ವ್ಯತ್ಯಾಸದ 4 ಲಕ್ಷ ದಾನ ಅಂತ ಲೆಕ್ಕ. ಸೆಕ್ಷನ್ 170(ಎಚ್) ಪ್ರಕಾರ ಫೆಡರಲ್ ತೆರಿಗೆಯಲ್ಲಿ ಕಳೆಯಬಹುದು, ಫಾರಂ 8283 ಹಾಕಬೇಕು. ವರ್ಜಿನಿಯಾ ರಾಜ್ಯ ಅದರ ಮೇಲೆ ದಾನದ ಬೆಲೆಯ ಶೇ. 40ರಷ್ಟು ಕ್ರೆಡಿಟ್ ಕೊಡುತ್ತದೆ. ವರ್ಷಕ್ಕಿಷ್ಟೇ ಅಂತ ಮಿತಿ ಇದೆ, ಬೇಡವಾದರೆ ಬೇರೆಯವರಿಗೆ ಮಾರಲೂಬಹುದು. ಇದರಲ್ಲಿ ಬೆಲೆ ಉಬ್ಬಿಸಿ ತೆರಿಗೆ ತಪ್ಪಿಸಿದವರೂ ಇದ್ದಾರೆ, ಐ.ಆರ್.ಎಸ್. ಅವರ ಬೆನ್ನು ಬಿದ್ದಿದೆ, ಅದು ಬೇರೆ ಪುರಾಣ. ವಾಟರ್‌ಫರ್ಡಿನ ಜನ ಇದನ್ನ ಮನೆಮನೆಗೆ ಹೋಗಿ ಒಪ್ಪಿಸಿದರು. ಒಪ್ಪಿಸೋಕೆ ಆಗದ ಕಡೆ ಜಮೀನನ್ನೇ ಕೊಂಡರು. ಗಿರಣಿಯ ಹಿಂದೆ ಹಳ್ಳದ ಗುಂಟ ಇರೋ ಫಿಲಿಪ್ಸ್ ಫಾರ್ಮ್, 144 ಎಕರೆ, 2003ರಲ್ಲಿ ಫೌಂಡೇಶನ್ ಹಾಗೆ ಕೊಂಡದ್ದು. ಇಲ್ಲದಿದ್ದರೆ ಅಲ್ಲಿ ಮನೆ ಏಳುತ್ತಿದ್ದವು. ಈಗ ಕಾಲುದಾರಿ ಇದೆ. ನಾವು ಬುತ್ತಿ ಬಿಚ್ಚಿದ್ದು ಅಲ್ಲೇ.

ವಾಪಸ್ ಬೀದಿಗೆ ಬಂದಾಗ ಒಬ್ಬ ಅಜ್ಜಿ ತಮ್ಮ ಮನೆ ಮುಂದೆ ಎಲೆ ಗುಡಿಸುತ್ತಿದ್ದರು. ಎಂಬತ್ತು ದಾಟಿರಬಹುದು. ನಾವು ನಮಸ್ಕಾರ ಹೇಳಿದೆವು, ಅವರೇ ಮಾತಿಗೆ ನಿಂತರು. ಈಸ್‌ಮೆಂಟ್ ಬಗ್ಗೆ ಕೇಳಿದಾಗ ನಕ್ಕು, ನಾನೂ ನನ್ನ ಗಂಡನೂ ಸೈನ್ ಮಾಡಿ ನಲವತ್ತು ವರ್ಷ ಆಯಿತು ಅಂದರು. ಕಿಟಕಿ ಬದಲಾಯಿಸಬೇಕಂದ್ರೂ ಕೇಳಬೇಕು, ಅದಕ್ಕೆ ಎಷ್ಟೋ ಸಲ ಸಿಟ್ಟು ಬಂದಿದೆ. ಮಗನಿಗೆ ಇವತ್ತಿಗೂ ಬೇಜಾರು, ಮಾರಿದರೆ ಎಷ್ಟು ಬರ್ತಿತ್ತು ಅಂತ ಲೆಕ್ಕ ಹಾಕುತ್ತಾನೆ. "ಹಾಗಾದ್ರೆ ಯಾಕೆ ಸೈನ್ ಮಾಡಿದ್ರಿ?" ಅಂತ ನಮ್ಮ ಮನೆಯವರು ಕೇಳಿಯೇಬಿಟ್ಟರು. ಅಜ್ಜಿ ಹಿಂದಿನ ಹೊಲದ ಕಡೆ ಪೊರಕೆ ತೋರಿಸಿ, ನಾವು ಬಂದಾಗ ಅದು ಹಾಗೇ ಇತ್ತಲ್ಲ ಅಂದರು. ಅಷ್ಟೇ ಉತ್ತರ.

ಹಳೇ ಮೀಟಿಂಗ್ ಹೌಸಿನ ಪಕ್ಕದ ಸ್ಮಶಾನಕ್ಕೂ ಹೋದೆವು. ಕ್ವೇಕರುಗಳು ಸಮಾಧಿಗೆ ದೊಡ್ಡ ಕಲ್ಲು ಇಡೋದನ್ನ ಇಷ್ಟಪಡಲಿಲ್ಲ. ಸತ್ತ ಮೇಲಾದರೂ ಎಲ್ಲರೂ ಒಂದೇ ಎತ್ತರ. ಹುಲ್ಲಿನಲ್ಲಿ ಮುಚ್ಚಿಹೋಗೋಷ್ಟು ಗಿಡ್ಡ ಕಲ್ಲುಗಳು. ಅದನ್ನ ನೋಡ್ತಾ ನಿಂತಾಗ ನಮಗೆ ನಮ್ಮ ಹೊಲದ ಕಲ್ಲು ನೆನಪಾಯಿತು.

ನಮ್ಮೂರು ಶಿಕಾರಿಪುರ ತಾಲ್ಲೂಕು, ಬಳ್ಳಿಗಾವಿಯ ಹತ್ತಿರ. ಕೆರೆ ಹಿಂದಿನ ಹೊಲದ ಬದುವಿನಲ್ಲಿ ಒಂದು ವೀರಗಲ್ಲು ಇದೆ, ಎದೆ ಎತ್ತರ. ಕೆಳಗೆ ಕಾದಾಟ, ನಡುವೆ ಅಪ್ಸರೆಯರು ಹೊತ್ತೊಯ್ಯೋದು, ಮೇಲೆ ಲಿಂಗ, ತುದಿಯಲ್ಲಿ ಸೂರ್ಯ ಚಂದ್ರ. ಅಕ್ಷರ ಸವೆದು ಹೋಗಿವೆ. ಅಪ್ಪ ಉಗಾದಿಗೆ ಅದಕ್ಕೆ ಎಣ್ಣೆ ಹಚ್ಚುತ್ತಿದ್ದರು. ನಾವು ಹುಡುಗರು ಅದರ ಮೇಲೆ ಅಂಗಿ ನೇತುಹಾಕಿ ಕೆರೆಗೆ ಹಾರುತ್ತಿದ್ದೆವು.

ಬಳ್ಳಿಗಾವಿ ಈಗ ಸಣ್ಣ ಹಳ್ಳಿ. ಚಾಲುಕ್ಯರ ಕಾಲದಲ್ಲಿ ಬನವಾಸಿ ನಾಡಿನ ರಾಜಧಾನಿ. ಕೇದಾರೇಶ್ವರ, ತ್ರಿಪುರಾಂತಕ ದೇವಸ್ಥಾನ, ಅಲ್ಲಮಪ್ರಭು ಹುಟ್ಟಿದ ಊರು ಅನ್ನೋ ಪ್ರತೀತಿ. ಅಲ್ಲಿಯ ಕೋಡಿಯ ಮಠದಲ್ಲಿ ಓದೋರಿಗೆ ಪಾಠ, ಹಸಿದವರಿಗೆ ಊಟ, ರೋಗಿಗಳಿಗೆ ಔಷಧ ಇತ್ತು ಅಂತ 12ನೇ ಶತಮಾನದ ಶಾಸನವೇ ಹೇಳುತ್ತದೆ. ರೈಸ್ ಸಾಹೇಬರು ಈ ತಾಲ್ಲೂಕಿನ ಶಾಸನಗಳನ್ನೆಲ್ಲ 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೇ ಸಂಪುಟದಲ್ಲಿ ಅಚ್ಚು ಹಾಕಿಸಿದ್ದಾರೆ. ನಾವು ಶಿವಮೊಗ್ಗದಲ್ಲಿ ಬಿ.ಕಾಂ. ಓದುವಾಗ ಕಾಲೇಜು ಲೈಬ್ರರಿಯಲ್ಲಿ ಒಮ್ಮೆ ತಿರುವಿ ಹಾಕಿದ್ದು, ಅರ್ಥವಾಗದೆ ವಾಪಸ್ ಇಟ್ಟಿದ್ದು. ಅವತ್ತು ರಾತ್ರಿ ಮನೆಗೆ ಬಂದು ಮತ್ತೆ ತೆಗೆದು ಓದಿದೆವು, ಈ ಸಲ ಲೆಕ್ಕ ಬರೆಯೋನ ಕಣ್ಣಲ್ಲಿ. ಓದಿದಷ್ಟೂ ಬೆಳಿಗ್ಗೆ ಕೇಳಿದ ಈಸ್‌ಮೆಂಟ್ ಪತ್ರವೇ ಕಾಣುತ್ತಿತ್ತು. ಕೊಟ್ಟವನು ಯಾರು, ತಗೊಂಡವರು ಯಾರು, ಎಷ್ಟು ಮತ್ತರು ಭೂಮಿ, ಮೂಡಲಿಗೆ ಯಾವ ಮರ, ಪಡುವಲಿಗೆ ಯಾವ ಕಲ್ಲು. ತೆರಿಗೆ ಮಾಫಿಗೆ 'ಸರ್ವಬಾಧಾಪರಿಹಾರ' ಅನ್ನೋ ಮಾತು. ಇವರು ಪರ್ಪೆಚುಯಿಟಿ ಅಂತ ಬರೆಯೋ ಜಾಗದಲ್ಲಿ ಅವರು 'ಆಚಂದ್ರಾರ್ಕ' ಅಂತ ಬರೆದರು: ಚಂದ್ರ ಸೂರ್ಯ ಇರೋ ತನಕ. ಕಲ್ಲಿನ ನೆತ್ತಿಯ ಮೇಲೆ ಅವೆರಡನ್ನೂ ಕೊರೆಯೋದು ಅದಕ್ಕೇ. ಷರತ್ತು ಮುರಿದವರಿಗೆ ಇಲ್ಲಿ ಕೋರ್ಟು. ಅಲ್ಲಿ ಶಾಪ, ಅರವತ್ತು ಸಾವಿರ ವರ್ಷ ಹೇಲಿನ ಹುಳವಾಗಿ ಹುಟ್ಟೋದು, ವಾರಣಾಸಿಯಲ್ಲಿ ಕವಿಲೆ ಹಸು ಕೊಂದ ಪಾಪ. ಐ.ಆರ್.ಎಸ್. ನೋಟಿಸಿಗಿಂತ ಇದೇ ಭಯ.

ಆದರೂ ಎಲ್ಲ ಶಾಸನ ಉಳಿಯಿತೇ? ಬಟ್ಟೆ ಒಗೆಯೋ ಕಲ್ಲಾದದ್ದು, ತೂಬಿಗೆ ಹಾಕಿದ್ದು ನಾವೇ ನೋಡಿದ್ದೀವಿ. ವಾಟರ್‌ಫರ್ಡ್ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತೆ. ಆ ಬಿಳಿ ಶಾಲೆಯ ಕಟ್ಟಡ ಉಳಿದಿದೆ. ಅದನ್ನ ಕಟ್ಟಿದ ಜನರ ಮನೆತನಗಳು ಹಾಗೆ ಉಳಿದ ಹಾಗೆ ಕಾಣಲಿಲ್ಲ. ನಾವು ಅರ್ಧ ದಿನ ಓಡಾಡಿದ ಬೀದಿಯಲ್ಲಿ ಕಂಡ ಕಪ್ಪು ಮುಖ ಒಂದೂ ಇಲ್ಲ. ಚಂದ ಉಳಿಸಿದ ಊರಿನ ಮನೆ ಬೆಲೆ ಏರುತ್ತದೆ, ಏರಿದ ಮೇಲೆ ಯಾರು ಇರಬಲ್ಲರು? ಅಜ್ಜಿಯ ಮಗನ ಬೇಜಾರನ್ನೂ ನಾವು ಸುಳ್ಳು ಅನ್ನಲಾರೆವು. ಅಣ್ಣನದೂ ಅದೇ ಬೇಜಾರು. ಇಲ್ಲಿ ಸರ್ಕಾರ ಲಕ್ಷಗಟ್ಟಲೆ ತೆರಿಗೆ ಬಿಟ್ಟು ಕೊಟ್ಟು ಹೊಲ ಉಳಿಸಿಕೊಳ್ಳುತ್ತೆ, ಅಲ್ಲಿ ಶುಂಠಿಗೆ ರೇಟು ಬಿದ್ದ ವರ್ಷ ಅಣ್ಣನಿಗೆ ಯಾರು ಏನು ಬಿಟ್ಟರು?

ಹೋಗೋರಿಗೆ ನಾಲ್ಕು ಮಾತು. ಆಶ್‌ಬರ್ನ್, ಸ್ಟರ್ಲಿಂಗ್ ಕಡೆಯಿಂದ ಅರ್ಧ ಮುಕ್ಕಾಲು ಗಂಟೆ. ಊಟ ಕಟ್ಟಿಕೊಂಡೇ ಹೋಗಿ, ಹೋಟೆಲ್ ನಂಬಬೇಡಿ. ಅಂಚೆ ಕಚೇರಿ ಇದೆ, ಊರಿಗೊಂದು ಕಾರ್ಡು ಹಾಕಬಹುದು. ಮನೆಗಳಲ್ಲಿ ಜನ ವಾಸ ಇದ್ದಾರೆ, ಮೆಟ್ಟಿಲ ಮೇಲೆ ಕೂತು ಫೋಟೋ ತೆಗೆಸಿಕೊಳ್ಳಬೇಡಿ. ಒಳಗೆ ನೋಡಬೇಕಂದ್ರೆ ಅಕ್ಟೋಬರ್ ಮೊದಲ ವಾರದ ಜಾತ್ರೆಗೆ ಟಿಕೆಟ್ ಕೊಂಡು ಹೋಗಿ. ಕ್ಯಾರೊಲಿನಾದವರು ಇಷ್ಟು ದೂರ ಬರೋದು ಬೇಡ, ವಿನ್‌ಸ್ಟನ್-ಸೇಲಂ ಪಕ್ಕದ ಬೆಥಾಬರಾಗೆ ಹೋಗಿ. 1753ರಲ್ಲಿ ಹದಿನೈದು ಮೊರೇವಿಯನ್ ಗಂಡಸರು ಪೆನ್ಸಿಲ್ವೇನಿಯಾದಿಂದ ಬಂದು ನೆಲೆಸಿದ ಜಾಗ, ಅವರ ಔಷಧಿ ತೋಟ ಇವತ್ತೂ ಇದೆ. ಅವರ ಪಂಥದ ಬೇರು ಇನ್ನೂ ಹಳೇದು, 1415ರಲ್ಲಿ ಸುಟ್ಟು ಕೊಂದ ಯಾನ್ ಹುಸ್ ಅವರ ತನಕ ಹೋಗುತ್ತೆ. ಅಟ್ಲಾಂಟಾದವರಿಗೆ ಐದು ಗಂಟೆ ದಾರಿ, ಒಂದು ರಾತ್ರಿ ಉಳಿಯೋ ಹಾಗೆ ಹೊರಡಿ.

ಮಾರನೇ ದಿನ ಅಣ್ಣನಿಗೆ ಫೋನು ಮಾಡಿದೆವು.

"ಅಣ್ಣಾ, ಆ ಕಲ್ಲು ಏನಾಗುತ್ತೆ?"

"ಯಾವ ಕಲ್ಲು?"

"ಬದುವಿಂದು. ಅಪ್ಪ ಎಣ್ಣೆ ಹಚ್ಚುತ್ತಿದ್ದದ್ದು."

ಸ್ವಲ್ಪ ಹೊತ್ತು ಮಾತಿಲ್ಲ. "ಜೆಸಿಬಿಯವನಿಗೆ ಹೇಳಿ ಒಂದು ಮೂಲೇಲಿ ನಿಲ್ಲಿಸಿದ್ರಾಯ್ತು ಬಿಡು. ನೀನು ಕಾಗದ ಯಾವಾಗ ಕಳಿಸ್ತೀಯ?"

ಮಾರಬೇಡ ಅನ್ನೋಕೆ ನಮಗೆ ಬಾಯಿ ಬರಲಿಲ್ಲ. ಹನ್ನೊಂದು ವರ್ಷ ಡಾಲರ್ ಎಣಿಸಿದ ನಾವು, ಅಲ್ಲೇ ಇದ್ದು ಅಪ್ಪ ಅಮ್ಮನ್ನ ನೋಡಿಕೊಂಡ ಅವನಿಗೆ ಯಾವ ಮುಖದಿಂದ ಹೇಳೋದು? ಐದು ಗುಂಟೆ ಬಿಟ್ಟು ಮಾರೋಣ ಅಂದೆವು. ಕಲ್ಲು, ಅದರ ಸುತ್ತ ಐದು ಗುಂಟೆ, ಕೆರೆ ಕಡೆ ದಾರಿ. ಅದರ ದುಡ್ಡು ನಮ್ಮ ಪಾಲಿಂದ ಮುರಿದುಕೋ.

"ಹನ್ನೊಂದು ಇ ನಕ್ಷೆ ಮತ್ತೆ ಮಾಡಿಸಬೇಕು. ಸರ್ವೇಯರ್ ಮೂರು ತಿಂಗಳು ಅಲೆಸ್ತಾನೆ" ಅಂತ ಅಣ್ಣ ಗೊಣಗಿದ. ಆಮೇಲೆ, "ಆ ಐದು ಗುಂಟೇಲಿ ಏನು ಬೆಳೀಲಿ? ಹುಲ್ಲು ಕೀಳೋರು ಯಾರು, ನೀನು ಬರ್ತೀಯಾ?"

ಉಗಾದಿಗೆ ಬರ್ತೀವಿ ಅಂದುಬಿಟ್ಟೆವು. ಉಗಾದಿ ಬರೋದು ರಿಟರ್ನ್ ಸೀಸನ್ನಿನ ನಟ್ಟನಡುವೆ. ಆಫೀಸಿನಲ್ಲಿ ಇನ್ನೂ ಕೇಳಿಲ್ಲ. ಟೇಬಲ್ ಮೇಲಿದ್ದ ಜಿ.ಪಿ.ಎ. ಹರಿದು, ಎರಡು ಎಕರೆ ಐದು ಗುಂಟೆ ಅಂತ ಹೊಸದಾಗಿ ಟೈಪ್ ಮಾಡಿದ್ದೀವಿ.